ಹಳೆಯ ಕಂಪ್ಯೂಟರಿಗೆ 3 ಟಿಬಿ ಡಿಸ್ಕ್ ಜೋಡಿಸಿದರೆ 746 ಜಿಬಿ ಮಾತ್ರ ಕಾಣಿಸುತ್ತಿದೆ: ಹೀಗೆಯೇ ಬಳಸಬಹುದೇ?

ಕ್ಯಾಸೆಟ್‌ಕಾಲ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಇರುವ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ 32 ಬಿಟ್‌ನ ವಿಂಡೋಸ್ ಎಕ್ಸ್‌ಪಿ ಇದೆ. ಈ ಯಂತ್ರವನ್ನು ನಾನು ಇನ್ನೂ ಬಿಡದಿರುವುದಕ್ಕೆ ಅದರೊಳಗಿನ ಪಿಸಿಐ ಸೌಂಡ್ ಕಾರ್ಡೇ ಕಾರಣ. ಆ ಕಾರ್ಡಿಗೆ ಎಕ್ಸ್‌ಪಿಯ ನಂತರದ ಯಾವ ವಿಂಡೋಸ್‌ಗೂ ಡ್ರೈವರ್ ಬರಲಿಲ್ಲ. ನನ್ನ ತಂದೆಯವರು ಹಾಡಿ, ಓದಿ, ಮಾತನಾಡಿ ಮುದ್ರಿಸಿಟ್ಟುಹೋದ ಇನ್ನೂರ ಹತ್ತು ಕ್ಯಾಸೆಟ್‌ಗಳನ್ನು ಇದೇ ಕಾರ್ಡಿನ ಮೂಲಕ ಡಿಜಿಟಲ್ ರೂಪಕ್ಕೆ ತರುತ್ತಿದ್ದೇನೆ. 24 ಬಿಟ್, 96 ಕಿಲೋಹರ್ಟ್ಸ್, ಸ್ಟೀರಿಯೊ ಲೆಕ್ಕದಲ್ಲಿ ಗಂಟೆಗೆ ಸುಮಾರು 2 ಜಿಬಿ ಹಿಡಿಯುತ್ತದೆ. ಒಂದೂವರೆ ಗಂಟೆಯ ಕ್ಯಾಸೆಟ್‌ಗೆ 3 ಜಿಬಿಗೂ ತುಸು ಹೆಚ್ಚು ಬೇಕು, ಎಲ್ಲವೂ ಮುಗಿಯುವಾಗ ಸುಮಾರು 650 ಜಿಬಿ ಆಗುತ್ತದೆ. ಈಗ ಒಳಗಿರುವುದು 80 ಜಿಬಿಯ ಡಿಸ್ಕ್, ಅದು ತುಂಬುತ್ತ ಬಂದಿದೆ.

ಹೀಗಾಗಿ 3 ಟಿಬಿಯ ಹೊಸ ಸಾಟಾ ಡಿಸ್ಕ್ ತಂದು ಜೋಡಿಸಿದೆ. ಬಯಾಸ್ (ಯಂತ್ರ ಹಾಕಿದೊಡನೆ ಮೊದಲು ಓಡುವ, ಮದರ್‌ಬೋರ್ಡಿನಲ್ಲೇ ಇರುವ ತಂತ್ರಾಂಶ) ಡಿಸ್ಕಿನ ಹೆಸರನ್ನು ಸರಿಯಾಗಿ ತೋರಿಸಿತು, ಆದರೆ ಎಕ್ಸ್‌ಪಿಯ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅದರ ಅಳತೆ 746 ಜಿಬಿ ಎಂದಿದೆ. ನನಗೆ ಬೇಕಿರುವುದು 650 ಜಿಬಿ ಮಾತ್ರ. ಉಳಿದದ್ದು ಕಾಣದೇ ಹೋದರೂ ಬೇಸರವಿಲ್ಲ. ಇದನ್ನು ಹೀಗೆಯೇ ಫಾರ್ಮ್ಯಾಟ್ ಮಾಡಿ ಬಳಸಬಹುದೇ? ಈ ಧ್ವನಿಗಳಿಗೆ ಬೇರೆ ಪ್ರತಿ ಇಲ್ಲ. ಕೆಲವು ಕ್ಯಾಸೆಟ್‌ಗಳ ಪಟ್ಟಿ ಒಮ್ಮೆ ಓಡಿಸಿದ ಮೇಲೆ ಎರಡನೆಯ ಬಾರಿಗೆ ತಾಳುವ ಸ್ಥಿತಿಯಲ್ಲಿಲ್ಲ. ಆದ್ದರಿಂದಲೇ ಕೈಹಾಕುವ ಮುನ್ನ ಕೇಳುತ್ತಿದ್ದೇನೆ.

ಸೆಕ್ಟರ್‌ಸೊನ್ನೆ

ದಯವಿಟ್ಟು ಇನ್ನೂ ಫಾರ್ಮ್ಯಾಟ್ ಮಾಡಬೇಡಿ. 746 ಎಂಬ ಆ ಸಂಖ್ಯೆ ಎಲ್ಲಿಂದ ಬಂತೆಂದು ಮೊದಲು ನೋಡೋಣ.

3 ಟಿಬಿ ಡಿಸ್ಕಿನಲ್ಲಿ ಸಾಮಾನ್ಯವಾಗಿ 5,86,05,33,168 ಸೆಕ್ಟರುಗಳಿರುತ್ತವೆ, ಸೆಕ್ಟರ್ ಎಂದರೆ ಡಿಸ್ಕಿನ ಜಾಗವನ್ನು ಎಣಿಸುವ ತುಂಡು, ಪ್ರತಿಯೊಂದೂ 512 ಬೈಟಿನದು. 32 ಬಿಟ್‌ಗಳಲ್ಲಿ ಎಣಿಸಬಹುದಾದದ್ದು 4,29,49,67,296 ಸೆಕ್ಟರುಗಳು ಮಾತ್ರ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ 1,56,55,65,872 ಉಳಿಯುತ್ತದೆ. ಅದನ್ನು 512ರಿಂದ ಗುಣಿಸಿ ವಿಂಡೋಸ್ ಲೆಕ್ಕದ ಜಿಬಿಗೆ (1024 × 1024 × 1024 ಬೈಟ್) ತಂದರೆ ಸಿಗುವುದು ಸುಮಾರು 746.5. ಕೂಡುವ ಲೆಕ್ಕದಲ್ಲಿ ದಶಕ ಬಂದಾಗ ಅದನ್ನು ಬರೆಯಲು ಎಡಗಡೆ ಮನೆಯೇ ಇಲ್ಲದಿದ್ದರೆ ಏನಾಗುತ್ತದೆಯೋ ಅದೇ ಇಲ್ಲಿ ಆಗಿದೆ. ನಿಮ್ಮ ಯಂತ್ರದ ಯಾವುದೋ ಒಂದು ಪದರ, ಬಹುಮಟ್ಟಿಗೆ ಸ್ಟೋರೇಜ್ ಡ್ರೈವರ್, ಮೂವತ್ತಮೂರನೆಯ ಬಿಟ್ಟನ್ನು ಬಿಸಾಡಿ ಉಳಿದದ್ದನ್ನು ಡಿಸ್ಕಿನ ಅಳತೆ ಎಂದು ನಂಬಿದೆ.

ಹೀಗೆ ಕಡಿಮೆ ತೋರಿಸುವ ಯಂತ್ರಕ್ಕಿಂತ, ಪೂರ್ತಿ ಅಳತೆಯನ್ನು ಸರಿಯಾಗಿ ತೋರಿಸಿ ಬರೆಯುವಾಗ ಮಾತ್ರ ಬಿಟ್ಟನ್ನು ಬಿಸಾಡುವ ಯಂತ್ರ ಹೆಚ್ಚು ಅಪಾಯಕಾರಿ. ನಿಮ್ಮದು ಮೊದಲ ಬಗೆಯದು, ಆದ್ದರಿಂದ 746 ಜಿಬಿಯೊಳಗೆ ಮಾಡಿದ ಪಾರ್ಟಿಷನ್ ಬಹುಶಃ ಕೆಲಸ ಮಾಡೀತು. ಆದರೆ ಬಯಾಸ್ ಒಂದು ಅಳತೆಯನ್ನು, ಡ್ರೈವರ್ ಮತ್ತೊಂದು ಅಳತೆಯನ್ನು ಹೇಳುವ ಡಿಸ್ಕಿನ ಮೇಲೆ ಬದಲಿ ಇಲ್ಲದ ಧ್ವನಿಗಳನ್ನು ಇಡುವುದು ನನಗೆ ಒಪ್ಪಿಗೆಯಲ್ಲ. ನಾಳೆ ಡ್ರೈವರ್ ಬದಲಾದರೆ, ಅಥವಾ ಬೂಟ್ ಸಿಡಿಯಿಂದ ಯಾವುದಾದರೂ ಪಾರ್ಟಿಷನ್ ತಂತ್ರಾಂಶ ಓಡಿಸಿದರೆ, ಆ ಎರಡು ಅಳತೆಗಳು ಪರಸ್ಪರ ತಿಕ್ಕಾಡುತ್ತವೆ.

ಹಳೇಬೋರ್ಡ್

ಸೆಕ್ಟರ್‌ಸೊನ್ನೆ ಅವರು ಹೇಳಿದ ಎರಡನೆಯ ಬಗೆಯ ಯಂತ್ರದಿಂದ ನಷ್ಟ ಅನುಭವಿಸಿದವನು ನಾನು, ಆದ್ದರಿಂದ ವಿವರವಾಗಿ ಬರೆಯುತ್ತೇನೆ.

ಬಹಳ ವರ್ಷಗಳ ಹಿಂದೆ, ಆ ಹೊತ್ತಿಗಾಗಲೇ ಹಳೆಯದಾಗಿದ್ದ ಒಂದು ಯಂತ್ರಕ್ಕೆ 160 ಜಿಬಿಯ ಡಿಸ್ಕ್ ಹಾಕಿದೆ. ಬಯಾಸನ್ನು ಹೊಸ ಆವೃತ್ತಿಗೆ ಏರಿಸಿದ್ದರಿಂದ ಪೂರ್ತಿ ಅಳತೆ ಕಾಣಿಸಿತು, ಪಾರ್ಟಿಷನ್ ಆಯಿತು, ಫಾರ್ಮ್ಯಾಟ್ ಆಯಿತು, ನಾನೂ ನೆಮ್ಮದಿಯಾಗಿದ್ದೆ. ಆದರೆ ಅದರಲ್ಲಿದ್ದ ಆಪರೇಟಿಂಗ್ ಸಿಸ್ಟಂನ ಡಿಸ್ಕ್ ಡ್ರೈವರ್ 28 ಬಿಟ್‌ನ ವಿಳಾಸವನ್ನಷ್ಟೇ ಬಲ್ಲದ್ದು ಎಂಬುದು ನನಗೆ ಗೊತ್ತಿರಲಿಲ್ಲ. 28 ಬಿಟ್ ಎಂದರೆ 26,84,35,456 ಸೆಕ್ಟರುಗಳು, ಅಂದರೆ ಸುಮಾರು 137 ಜಿಬಿ. ತಿಂಗಳುಗಟ್ಟಲೆ ಎಲ್ಲವೂ ಸರಿಯಿತ್ತು, ಏಕೆಂದರೆ ಡಿಸ್ಕ್ ಇನ್ನೂ ಅಷ್ಟು ತುಂಬಿರಲಿಲ್ಲ. ಒಂದು ರಾತ್ರಿ ದೊಡ್ಡದೊಂದು ಫೋಲ್ಡರನ್ನು ನಕಲು ಮಾಡಲು ಬಿಟ್ಟು ಮಲಗಿದೆ. ಬೆಳಗ್ಗೆ ನಕಲು ಯಶಸ್ವಿಯಾಗಿ ಮುಗಿದಿತ್ತು, ಒಂದೇ ಒಂದು ದೋಷದ ಸಂದೇಶವೂ ಇರಲಿಲ್ಲ. ಯಂತ್ರವನ್ನು ಆರಿಸಿ ಮತ್ತೆ ಹಾಕಿದಾಗ ಡಿಸ್ಕ್ ಖಾಲಿ ಎಂದಿತು.

ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿ, ಹೆಕ್ಸ್ ಎಡಿಟರಿನಲ್ಲಿ ಮೊದಲ ಸೆಕ್ಟರನ್ನು ತೆರೆದೆ. ಆ 512 ಬೈಟುಗಳ ಕೊನೆಯಲ್ಲಿ 55 ಎಎ ಎಂಬ ಎರಡು ಬೈಟುಗಳು ಇರಲೇಬೇಕು, ಡಿಸ್ಕಿನ ಭಾಗಗಳ ಪಟ್ಟಿಯಾದ ಪಾರ್ಟಿಷನ್ ಟೇಬಲ್ಲಿನ ಗುರುತು ಅದು. ಅಲ್ಲಿ ಅದಿರಲಿಲ್ಲ. ಅದರ ಬದಲು ನಾನು ರಾತ್ರಿ ನಕಲು ಮಾಡಿದ್ದ ಒಂದು ಛಾಯಾಚಿತ್ರದ ನಡುವಿನ ತುಣುಕು ಕುಳಿತಿತ್ತು. 137 ಜಿಬಿಯ ಆಚೆಗೆ ಬರೆಯಬೇಕಾದದ್ದನ್ನು ಡ್ರೈವರ್ ಸುತ್ತಿ ತಂದು ಡಿಸ್ಕಿನ ಆರಂಭದ ಮೇಲೆ ಬರೆದಿತ್ತು, ಪಾರ್ಟಿಷನ್ ಟೇಬಲ್, ಫ್ಯಾಟ್ (ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿ), ಮೂಲ ಡೈರೆಕ್ಟರಿ ಎಲ್ಲದರ ಮೇಲೂ. ಮೂರು ವಾರ ಕುಳಿತು ಕೆಲವನ್ನು ಉಳಿಸಿಕೊಂಡೆ, ಬಹಳಷ್ಟು ಹೋಯಿತು.

ಕ್ಯಾಸೆಟ್‌ಕಾಲ ಅವರೇ, ನಿಮ್ಮ ತಂದೆಯವರ ಧ್ವನಿಗೆ ಇದು ಆಗಬಾರದು. ಡಿಸ್ಕ್ ಪೂರ್ತಿ ಕಾಣಿಸಿತೆಂದು ನಂಬಬೇಡಿ. ಗಡಿಯ ಆಚೆಗೆ ಬರೆದು, ಅದೇ ಮರಳಿ ಬಂದರೆ ಮಾತ್ರ ನಂಬಿ.

ಕ್ಯಾಸೆಟ್‌ಕಾಲ

ಹಳೇಬೋರ್ಡ್ ಅವರೇ, ಓದಿ ಮನಸ್ಸಿಗೆ ಕಷ್ಟವಾಯಿತು. ಫಾರ್ಮ್ಯಾಟ್ ಮಾಡಿಲ್ಲ, ಮಾಡುವುದೂ ಇಲ್ಲ.

ಎರಡು ಸಂಶಯಗಳಿವೆ. ನನ್ನ ಎಕ್ಸ್‌ಪಿಯಲ್ಲಿ ಸರ್ವಿಸ್ ಪ್ಯಾಕ್ 3 ಇದೆ, 137 ಜಿಬಿಯ ಗಡಿ ನನಗೂ ಅನ್ವಯಿಸುತ್ತದೆಯೇ? ಬಯಾಸ್ ಹೊಸ ಆವೃತ್ತಿಗೆ ಏರಿಸಿದರೆ 746ರ ಸಮಸ್ಯೆ ಹೋಗುತ್ತದೆಯೇ? ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿ ನೋಡಿದೆ, ಅಲ್ಲಿ ಪೂರ್ತಿ 3 ಟಿಬಿ ಕಾಣಿಸುತ್ತಿದೆ.

ಸೆಕ್ಟರ್‌ಸೊನ್ನೆ

ಲಿನಕ್ಸಿನಲ್ಲಿ ಪೂರ್ತಿ ಕಾಣಿಸಿದ್ದು ಒಳ್ಳೆಯ ಸುದ್ದಿ. ಡಿಸ್ಕ್, ಕೇಬಲ್, ಮದರ್‌ಬೋರ್ಡಿನ ಸಾಟಾ ಕಂಟ್ರೋಲರ್ ಮೂರೂ ನಿರ್ದೋಷಿಗಳು, ತಪ್ಪು ಎಕ್ಸ್‌ಪಿಯ ಕಡೆಯ ಡ್ರೈವರಿನದು ಎಂದಾಯಿತು. ಬಯಾಸಿನ ಪಾತ್ರ ಮುಖ್ಯವಾಗಿ ಬೂಟ್ ಆಗುವವರೆಗೆ. ಎಕ್ಸ್‌ಪಿಯಾಗಲಿ ಲಿನಕ್ಸಾಗಲಿ ಎದ್ದು ನಿಂತ ಮೇಲೆ ಡಿಸ್ಕಿನೊಡನೆ ತಮ್ಮದೇ ಡ್ರೈವರಿನ ಮೂಲಕ ಮಾತನಾಡುತ್ತವೆ. ನೀವು ಬೂಟ್ ಮಾಡುವುದು 80 ಜಿಬಿ ಡಿಸ್ಕಿನಿಂದ. ಆದ್ದರಿಂದ ಬಯಾಸ್ ಏರಿಸುವ ಅಗತ್ಯ ಕಾಣುತ್ತಿಲ್ಲ, ಹಳೆಯ ಬೋರ್ಡಿನ ಬಯಾಸ್ ಏರಿಸುವಾಗ ವಿದ್ಯುತ್ ಹೋದರೆ ಇಡೀ ಯಂತ್ರವೇ ಹೋದಂತೆ.

ಗಡಿಗಳ ವಿಚಾರ. ಈ ಇತಿಹಾಸ ನನಗೆ ಪ್ರಿಯವಾದದ್ದು, ಸ್ವಲ್ಪ ದೀರ್ಘವಾದರೆ ಕ್ಷಮಿಸಿ. ಮೊದಲ ಗಡಿ 504 ಮೆಗಾಬೈಟಿನದು. ಆಗ ಡಿಸ್ಕಿನ ಜಾಗವನ್ನು ಸಿಲಿಂಡರ್, ಹೆಡ್, ಸೆಕ್ಟರ್ ಎಂಬ ಮೂರು ಸಂಖ್ಯೆಗಳಿಂದ ಗುರುತಿಸುತ್ತಿದ್ದರು. ಪಿಸಿಯ ಬಯಾಸ್ 1024 ಸಿಲಿಂಡರುಗಳನ್ನು ಮೀರಿ ಎಣಿಸಲಾರದು, ಐಡಿಇ (ಸಾಟಾಕ್ಕೂ ಹಿಂದಿನ ಜೋಡಣೆ) ಡಿಸ್ಕ್ 16 ಹೆಡ್‌ಗಳನ್ನು ಮೀರಲಾರದು, ಸೆಕ್ಟರ್ ಸಂಖ್ಯೆ 63ನ್ನು ದಾಟದು. ಬಯಾಸ್ ಒಂದೇ ಆಗಿದ್ದರೆ ಸುಮಾರು 8 ಜಿಬಿಯವರೆಗೆ ಹೋಗಬಹುದಿತ್ತು, ಐಡಿಇ ಒಂದೇ ಆಗಿದ್ದರೆ 137 ಜಿಬಿಯವರೆಗೆ. ಆದರೆ ಇಬ್ಬರೂ ಸೇರಿದಾಗ ಇಬ್ಬರ ಕೊರತೆಗಳೂ ಸೇರಿ 1024 × 16 × 63 × 512 ಬೈಟ್ ಮಾತ್ರ ಉಳಿಯಿತು. ಎರಡು ಪದರಗಳು ಒಂದೇ ಡಿಸ್ಕನ್ನು ಬೇರೆ ಬೇರೆ ರೀತಿ ಎಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ, ಆಮೇಲಿನ ಗಡಿಗಳೂ ಹೆಚ್ಚುಕಡಿಮೆ ಇದೇ ಕತೆ. ಬಯಾಸ್ ಹೆಡ್‌ಗಳ ಸಂಖ್ಯೆಯನ್ನು 255ರವರೆಗೆ ಹಿಗ್ಗಿಸಿ ತೋರಿಸಿದ ಮೇಲೆ ಗಡಿ 8.4 ಜಿಬಿಗೆ ಸರಿಯಿತು. 1999ಕ್ಕಿಂತ ಹಿಂದಿನ ಕೆಲವು ಬಯಾಸ್‌ಗಳು 33.8 ಜಿಬಿ ದಾಟಿದ ಡಿಸ್ಕನ್ನು ಕಂಡರೆ ಸ್ತಬ್ಧವಾಗಿ ನಿಂತುಬಿಡುತ್ತಿದ್ದವು. ಅದಕ್ಕಾಗಿಯೇ ಆ ಕಾಲದ ಅನೇಕ ಡಿಸ್ಕ್‌ಗಳಲ್ಲಿ ಅಳತೆಯನ್ನು 32 ಜಿಬಿ ಎಂದು ಸುಳ್ಳು ಹೇಳಿಸುವ ಜಂಪರ್ (ಎರಡು ಪಿನ್ನುಗಳನ್ನು ಸೇರಿಸುವ ಪುಟ್ಟ ತುಂಡು) ಇರುತ್ತಿತ್ತು. ಈ ಜಂಪರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

137 ಜಿಬಿಯ ಗಡಿಯನ್ನು 48 ಬಿಟ್‌ನ ವಿಳಾಸ ಒಡೆಯಿತು. ಎಕ್ಸ್‌ಪಿಗೆ ಆ ಬೆಂಬಲ 2002ರ ಸರ್ವಿಸ್ ಪ್ಯಾಕ್ 1ರಿಂದ ಬಂತು. ನಿಮ್ಮಲ್ಲಿ 3 ಇರುವುದರಿಂದ ಸಾಮಾನ್ಯ ಡ್ರೈವರಿನ ಮಟ್ಟಿಗೆ ಚಿಂತೆಯಿಲ್ಲ. ಆದರೆ ಎಂದಾದರೂ ಮೂಲ ಎಕ್ಸ್‌ಪಿಯ ಸಿಡಿಯಿಂದ ಮರುಸ್ಥಾಪನೆ ಮಾಡಿದರೆ ಸರ್ವಿಸ್ ಪ್ಯಾಕ್ ಹಾಕುವವರೆಗೆ ದೊಡ್ಡ ಡಿಸ್ಕಿನ ಕೇಬಲನ್ನು ತೆಗೆದೇ ಇಡಿ.

ನಿಮ್ಮ ಮುಂದಿರುವುದು 2 ಟಿಬಿಯ ಆಸುಪಾಸಿನ ಗಡಿ, 32 ಬಿಟ್‌ಗಳದ್ದು. ಡ್ರೈವರ್ ಸರಿಯಾಗಿದ್ದರೂ ಎಂಬಿಆರ್ ಎಂಬ ಹಳೆಯ ಬಗೆಯ ಪಾರ್ಟಿಷನ್ ಟೇಬಲ್ಲಿನಲ್ಲಿ ಸೆಕ್ಟರ್ ಸಂಖ್ಯೆ ಬರೆಯಲು ಇರುವ ಜಾಗ 32 ಬಿಟ್ ಮಾತ್ರ. ಅದನ್ನು ದಾಟಲು ಜಿಪಿಟಿ ಎಂಬ ಹೊಸ ಬಗೆಯ ಟೇಬಲ್ ಬೇಕು, 32 ಬಿಟ್‌ನ ಎಕ್ಸ್‌ಪಿಗೆ ಜಿಪಿಟಿ ಅರ್ಥವಾಗುವುದಿಲ್ಲ. ಲಿನಕ್ಸಿಗೆ ಅರ್ಥವಾಗುತ್ತದೆ, ವಿಸ್ಟಾದಿಂದ ಮುಂದಿನ ವಿಂಡೋಸ್‌ಗಳು ದತ್ತಾಂಶದ ಡಿಸ್ಕ್ ಆಗಿ ಜಿಪಿಟಿಯನ್ನು ಬಳಸಬಲ್ಲವು. ಆದರೆ ನಿಮಗೆ ಬೇಕಿರುವುದು ಎಕ್ಸ್‌ಪಿಯೊಳಗೇ.

ಗಿರಗಿಟ್ಲೆ

ಈ ಚರ್ಚೆಯನ್ನು ಕಂಡು ನನ್ನದೂ ಒಂದು ಪ್ರಶ್ನೆ ಕೇಳುತ್ತಿದ್ದೇನೆ. ನನ್ನ ಹಳೆಯ ಯಂತ್ರಕ್ಕೆ 8 ಟಿಬಿಯ ಡಿಸ್ಕ್ ಹಾಕಿದರೆ ಬಯಾಸಿನಲ್ಲಿ ಹೆಸರೂ ಕಾಣಿಸುವುದಿಲ್ಲ. ಮೇಲೆ ಕೈಯಿಟ್ಟು ನೋಡಿದರೆ ಡಿಸ್ಕ್ ತಿರುಗುತ್ತಲೇ ಇಲ್ಲ. ಬೇರೆ ಹೊಸ ಯಂತ್ರದಲ್ಲಿ ಸರಿಯಾಗಿ ತಿರುಗುತ್ತದೆ. ಇದೂ ಗಡಿಯ ಸಮಸ್ಯೆಯೇ?

ತಂತಿಬಲ್ಲವ

ಅಲ್ಲ, ಗಿರಗಿಟ್ಲೆ ಅವರೇ. ಎಣಿಕೆಯ ಗಡಿಯಿಂದ ಡಿಸ್ಕ್ ತಿರುಗದೆ ನಿಲ್ಲುವುದಿಲ್ಲ, ಇದು ವಿದ್ಯುತ್ತಿನ ವಿಷಯ. ಸಾಟಾ ಪವರ್ ಕನೆಕ್ಟರಿನ ಮೊದಲ ಮೂರು ಪಿನ್ನುಗಳು ಮೂಲತಃ 3.3 ವೋಲ್ಟಿಗೆ ಮೀಸಲಾಗಿದ್ದವು. ಸಾಟಾ 3.3 ಆವೃತ್ತಿ ಬಂದಾಗ ಮೂರನೆಯ ಪಿನ್ನಿಗೆ ಹೊಸ ಕೆಲಸ ಕೊಟ್ಟರು. ಅಲ್ಲಿ ವೋಲ್ಟೇಜ್ ಇದ್ದರೆ ಡಿಸ್ಕ್ ಆರಿರಬೇಕು ಎಂಬ ಸಂಕೇತ ಅದು. ದೊಡ್ಡ ಸರ್ವರುಗಳಲ್ಲಿ ಡಿಸ್ಕನ್ನು ದೂರದಿಂದಲೇ ಆರಿಸಿ ಹಾಕುವ ಅನುಕೂಲಕ್ಕಾಗಿ ಹೀಗೆ ಮಾಡಿದರು. ಹಳೆಯ ಪವರ್ ಸಪ್ಲೈ ಹಳೆಯ ನಿಯಮದಂತೆ ಆ ಪಿನ್ನಿಗೆ ಸದಾ 3.3 ವೋಲ್ಟ್ ಕೊಡುತ್ತಲೇ ಇರುತ್ತದೆ, ಡಿಸ್ಕ್ ಅದನ್ನು ಆರಿರು ಎಂಬ ಆಜ್ಞೆಯಾಗಿ ಓದಿಕೊಳ್ಳುತ್ತದೆ.

ಹಳೆಯ ನಾಲ್ಕು ಪಿನ್ನಿನ ಮೊಲೆಕ್ಸ್ ಕನೆಕ್ಟರಿನಲ್ಲಿ 3.3 ವೋಲ್ಟಿನ ತಂತಿಯೇ ಇಲ್ಲ. ಆದ್ದರಿಂದ ಮೊಲೆಕ್ಸಿನಿಂದ ಸಾಟಾಗೆ ಬದಲಿಸುವ ಅಡಾಪ್ಟರ್ ಹಾಕಿದರೆ ಡಿಸ್ಕ್ ತಿರುಗಲಾರಂಭಿಸುತ್ತದೆ. ಕೊಳ್ಳುವಾಗ ಕನೆಕ್ಟರನ್ನು ಕೈಯಲ್ಲಿ ಹಿಡಿದು ಹಿಂಬದಿಯನ್ನು ನೋಡಿ. ತಂತಿಗಳು ಒಂದೇ ಅಚ್ಚಿನ ಪ್ಲಾಸ್ಟಿಕ್ಕಿನೊಳಗೆ ಹೂತುಹೋಗಿದ್ದರೆ ಬೇಡ, ಅಂಥವು ಒಳಗೊಳಗೇ ಶಾರ್ಟ್ ಆಗಿ ಸುಟ್ಟ ಉದಾಹರಣೆಗಳು ಬಹಳ. ಒಂದೊಂದು ತಂತಿಯೂ ಬೇರೆ ಬೇರೆ ಲೋಹದ ತುದಿಗೆ ಒತ್ತಿ ಕೂರಿಸಿರುವ ಬಗೆಯದನ್ನೇ ಆರಿಸಿ. ಅಡಾಪ್ಟರ್ ಸಿಗದಿದ್ದರೆ ಶಾಖ ತಾಳುವ ಕ್ಯಾಪ್ಟಾನ್ ಟೇಪಿನ ಸಣ್ಣ ಪಟ್ಟಿಯಿಂದ ಡಿಸ್ಕಿನ ಮೂರನೆಯ ಪಿನ್ನನ್ನು ಮುಚ್ಚಬಹುದು. ಆ ಪಿನ್ ಒಂದು ಮಿಲಿಮೀಟರಿನಷ್ಟೂ ಅಗಲವಿಲ್ಲದ್ದರಿಂದ ಹೆಚ್ಚಿನವರು ಮೊದಲ ಮೂರನ್ನೂ ಸೇರಿಸಿ ಮುಚ್ಚುತ್ತಾರೆ, ತೊಂದರೆಯಿಲ್ಲ. ನಾಲ್ಕನೆಯದನ್ನು ಮುಟ್ಟಬೇಡಿ.

ಜೊತೆಗೆ ಮತ್ತೊಂದು ಮಾತು. ಡಿಸ್ಕ್ ತಿರುಗಿಯೂ ಬಯಾಸಿನಲ್ಲಿ ಕಾಣದಿದ್ದರೆ ಅದು ವೇಗದ ಹೊಂದಾಣಿಕೆಯ ತೊಡಕಾಗಿರಬಹುದು. ವಿಟಿ8237ರಂಥ ಮೊದಲ ತಲೆಮಾರಿನ ಕೆಲವು ಸಾಟಾ ಚಿಪ್‌ಗಳು ಸೆಕೆಂಡಿಗೆ 1.5 ಗಿಗಾಬಿಟ್ ಮಾತ್ರ ಬಲ್ಲವು, ಅದಕ್ಕಿಂತ ವೇಗದ ಡಿಸ್ಕ್ ಎದುರಾದಾಗ ಕೆಳಗಿಳಿದು ಮಾತನಾಡಿಕೊಳ್ಳಲು ಅವುಗಳಿಗೆ ಆಗುವುದಿಲ್ಲ. ಡಿಸ್ಕಿನ ಹಿಂಬದಿಯಲ್ಲಿ ವೇಗ ತಗ್ಗಿಸುವ ಜಂಪರ್ ಇದ್ದರೆ ಹಾಕಿ. ಎಸ್‌ಎಸ್‌ಡಿಗಳಲ್ಲಿ ಸಾಮಾನ್ಯವಾಗಿ ಆ ಜಂಪರ್ ಇರುವುದೇ ಇಲ್ಲ, ಆಗ ಬೇರೆ ಪಿಸಿಐ ಸಾಟಾ ಕಾರ್ಡ್ ಹಾಕುವುದು ಉಚಿತ.

ಗಿರಗಿಟ್ಲೆ

ಮೊಲೆಕ್ಸ್ ಅಡಾಪ್ಟರ್ ಹಾಕಿದೆ, ತಕ್ಷಣವೇ ತಿರುಗಿತು. ಅನಂತ ಧನ್ಯವಾದಗಳು.

ಹೊರಪೆಟ್ಟಿಗೆ

ಕ್ಯಾಸೆಟ್‌ಕಾಲ ಅವರಿಗೆ ಬೇರೊಂದು ದಾರಿಯನ್ನು ಸೂಚಿಸುತ್ತೇನೆ. ಯುಎಸ್‌ಬಿ ಮೂಲಕ ಜೋಡಿಸುವ ಕೆಲವು ಹೊರಪೆಟ್ಟಿಗೆಗಳು ಒಳಗಿನ ಡಿಸ್ಕಿನ ಎಂಟೆಂಟು ಸೆಕ್ಟರುಗಳನ್ನು ಕೂಡಿಸಿ 4096 ಬೈಟಿನ ಒಂದೊಂದು ಸೆಕ್ಟರಿನಂತೆ ಕಂಪ್ಯೂಟರಿಗೆ ತೋರಿಸುತ್ತವೆ. ಎಣಿಸಬೇಕಾದ ಸೆಕ್ಟರುಗಳ ಸಂಖ್ಯೆ ಎಂಟನೆಯ ಒಂದು ಭಾಗಕ್ಕೆ ಇಳಿಯುವುದರಿಂದ ಎಂಬಿಆರ್ 2 ಟಿಬಿಯ ಬದಲು 16 ಟಿಬಿಯವರೆಗೆ ಸಾಕಾಗುತ್ತದೆ, ಎಕ್ಸ್‌ಪಿಯೂ ಒಪ್ಪಿಕೊಳ್ಳುತ್ತದೆ.

ಆದರೆ ಇದರ ಅಪಾಯವನ್ನೂ ಹೇಳಬೇಕು. ಅಂಥ ಪೆಟ್ಟಿಗೆಯೊಂದು ಕೆಟ್ಟುಹೋದಾಗ ನಾನು ಡಿಸ್ಕನ್ನು ಹೊರತೆಗೆದು ನೇರವಾಗಿ ಸಾಟಾ ಕೇಬಲಿಗೆ ಜೋಡಿಸಿದೆ. ಡಿಸ್ಕ್ ಖಾಲಿ ಎಂದು ತೋರಿಸಿತು, ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತು. ದತ್ತಾಂಶವೆಲ್ಲ ಅಲ್ಲೇ ಇತ್ತು. ಆದರೆ ಪಾರ್ಟಿಷನ್ ಟೇಬಲ್ಲಿನಲ್ಲಿ 4096 ಬೈಟಿನ ಲೆಕ್ಕದಲ್ಲಿ 256ನೇ ಸೆಕ್ಟರ್ ಎಂದು ಬರೆದಿದ್ದದ್ದನ್ನು ಕಂಪ್ಯೂಟರ್ 512 ಬೈಟಿನ ಲೆಕ್ಕದಲ್ಲಿ 256ನೇ ಸೆಕ್ಟರ್ ಎಂದು ಓದಿ ತಪ್ಪು ಜಾಗದಲ್ಲಿ ಹುಡುಕುತ್ತಿತ್ತು. ಅದೇ ಬಗೆಯ ಇನ್ನೊಂದು ಪೆಟ್ಟಿಗೆ ಸಿಕ್ಕ ಮೇಲೆ ಎಲ್ಲವೂ ಮರಳಿ ಬಂತು. ಈ ದಾರಿ ಹಿಡಿಯುವವರು ಪೆಟ್ಟಿಗೆ ಕೆಟ್ಟ ದಿನ ಏನು ಮಾಡುವುದೆಂದು ಮೊದಲೇ ಯೋಚಿಸಿಟ್ಟಿರಬೇಕು.

ಸೆಕ್ಟರ್‌ಸೊನ್ನೆ

ಹೊರಪೆಟ್ಟಿಗೆ ಅವರು ಹೇಳಿದ್ದು ಸರಿ, ಆ ಕಾರಣಕ್ಕೇ ನಾನದನ್ನು ಸೂಚಿಸಲಿಲ್ಲ. ಡಿಸ್ಕಿನ ನಿಜವಾದ ಎಣಿಕೆ ಒಂದು, ಪೆಟ್ಟಿಗೆ ಹೇಳುವ ಎಣಿಕೆ ಇನ್ನೊಂದು.

ನನ್ನ ಸಲಹೆ ಆ ಹಳೆಯ 32 ಜಿಬಿ ಜಂಪರಿನದೇ ಉಪಾಯ, ಇಂದಿನ ರೂಪದಲ್ಲಿ. ಡಿಸ್ಕ್ ತನ್ನ ಅಳತೆಯನ್ನು ತಾನೇ ಕಡಿಮೆ ಹೇಳಿಕೊಳ್ಳುವಂತೆ ಮಾಡುವ ಆಜ್ಞೆಯೊಂದು ಡಿಸ್ಕುಗಳೊಡನೆ ಮಾತನಾಡುವ ನಿಯಮಗಳಾದ ಎಟಿಎ ಮಾನದಂಡದಲ್ಲಿದೆ. ಹಾಗೆ ಮರೆಮಾಡಿದ ಭಾಗವನ್ನು ಹೋಸ್ಟ್ ಪ್ರೊಟೆಕ್ಟೆಡ್ ಏರಿಯಾ, ಚುಟುಕಾಗಿ ಎಚ್‌ಪಿಎ, ಎನ್ನುತ್ತಾರೆ. ಲಿನಕ್ಸಿನ ಎಚ್‌ಡಿಪಾರ್ಮ್ ತಂತ್ರಾಂಶದಲ್ಲಿ ದೊಡ್ಡಕ್ಷರದ ಎನ್ ಆಯ್ಕೆ ಇದಕ್ಕಾಗಿಯೇ ಇದೆ. ಸಂಖ್ಯೆಯ ಮೊದಲಿಗೆ ಪಿ ಅಕ್ಷರ ಸೇರಿಸಿದರೆ ವಿದ್ಯುತ್ ಹೋದ ಮೇಲೂ ಅಳತೆ ಹಾಗೆಯೇ ಉಳಿಯುತ್ತದೆ, ಸೇರಿಸದಿದ್ದರೆ ಮುಂದಿನ ಬಾರಿ ಹಾಕಿದಾಗ ಹಳೆಯ ಅಳತೆಗೆ ಮರಳುತ್ತದೆ. ನಿಮ್ಮ ಡಿಸ್ಕಿಗೆ 3,90,70,29,168 ಸೆಕ್ಟರುಗಳೆಂದು ನಿಗದಿ ಮಾಡಿ, ಅದು 2 ಟಿಬಿ ಡಿಸ್ಕಿನ ಸಾಮಾನ್ಯ ಅಳತೆ, 32 ಬಿಟ್‌ಗಳೊಳಗೆ ಸಲೀಸಾಗಿ ಕೂರುತ್ತದೆ. ಆಮೇಲೆ ಬಯಾಸ್, ಎಕ್ಸ್‌ಪಿ, ಅದರ ಡ್ರೈವರ್, ಲಿನಕ್ಸ್ ಎಲ್ಲರೂ ಕೇಳುವುದು ಡಿಸ್ಕಿನ ಬಾಯಿಂದಲೇ ಬಂದ ಒಂದೇ ಸಂಖ್ಯೆಯನ್ನು. ಒಂದು ಟಿಬಿಯಷ್ಟು ಮರೆಯಾಗುತ್ತದೆ, ನಾಳೆ ಈ ಡಿಸ್ಕ್ ಹೊಸ ಯಂತ್ರಕ್ಕೆ ಹೋದಾಗ ಅದೇ ಆಜ್ಞೆಯಿಂದ ಪೂರ್ಣ ಅಳತೆಯನ್ನು ಮರಳಿ ಕೊಡಬಹುದು.

ಕೆಲವು ಎಚ್ಚರಿಕೆಗಳು. ಡಿಸ್ಕ್ ಖಾಲಿಯಾಗಿರುವಾಗಲೇ ಇದನ್ನು ಮಾಡಿ. ಯುಎಸ್‌ಬಿ ಪೆಟ್ಟಿಗೆಯ ಮೂಲಕ ಈ ಆಜ್ಞೆ ಡಿಸ್ಕನ್ನು ತಲುಪದಿರಬಹುದು, ನೇರ ಸಾಟಾ ಕೇಬಲ್ ಇರಲಿ. ಒಮ್ಮೆ ವಿದ್ಯುತ್ ಕೊಟ್ಟ ಮೇಲೆ ಶಾಶ್ವತ ಅಳತೆಯನ್ನು ಒಂದೇ ಬಾರಿ ಬದಲಿಸಲು ಡಿಸ್ಕ್ ಒಪ್ಪುತ್ತದೆ, ತಪ್ಪಾದರೆ ಪೂರ್ತಿ ಆರಿಸಿ ಮತ್ತೆ ಹಾಕಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆಜ್ಞೆಯಲ್ಲಿ ಬರೆಯುವ ಡಿಸ್ಕಿನ ಹೆಸರು 80 ಜಿಬಿಯದ್ದಲ್ಲ ಎಂದು ಎರಡು ಬಾರಿ ನೋಡಿ. ನನ್ನ ಕೇಳಿದರೆ, ಈ ಕೆಲಸ ಮುಗಿಯುವವರೆಗೆ 80 ಜಿಬಿಯ ಕೇಬಲನ್ನೇ ತೆಗೆದಿಡಿ.

ಪಾರ್ಟಿಷನ್ನನ್ನೂ ಎಕ್ಸ್‌ಪಿಯಲ್ಲಿ ಮಾಡಬೇಡಿ, ಲಿನಕ್ಸಿನಲ್ಲೇ ಮಾಡಿ. ಎಕ್ಸ್‌ಪಿ ಮೊದಲ ಪಾರ್ಟಿಷನ್ನನ್ನು 63ನೇ ಸೆಕ್ಟರಿನಿಂದ ಆರಂಭಿಸುತ್ತದೆ. ಇಂದಿನ ಡಿಸ್ಕುಗಳು ಹೊರಗೆ 512 ಎಂದು ಹೇಳಿದರೂ ಒಳಗೆ 4096 ಬೈಟಿನ ಸೆಕ್ಟರುಗಳಲ್ಲೇ ಬರೆಯುತ್ತವೆ, 63 ಎಂಟರಿಂದ ಭಾಗವಾಗುವುದಿಲ್ಲ. ಹೀಗಾಗಿ ಫೈಲ್‌ಸಿಸ್ಟಂನ ಪ್ರತಿಯೊಂದು 4 ಕಿಲೋಬೈಟಿನ ತುಂಡೂ ಎರಡು ಭೌತಿಕ ಸೆಕ್ಟರುಗಳ ಮೇಲೆ ಕಾಲು ಚಾಚಿ ಕೂರುತ್ತದೆ. ಪ್ರತಿ ಬಾರಿ ಬರೆಯುವಾಗಲೂ ಡಿಸ್ಕ್ ಮೊದಲು ಓದಿ, ತಿದ್ದಿ, ಮತ್ತೆ ಬರೆಯಬೇಕಾಗುತ್ತದೆ. 2048ನೇ ಸೆಕ್ಟರಿನಿಂದ ಆರಂಭಿಸಿದರೆ ಈ ತೊಂದರೆಯಿಲ್ಲ, ಎಕ್ಸ್‌ಪಿಯೂ ಅದನ್ನು ತಕರಾರಿಲ್ಲದೆ ಓದುತ್ತದೆ.

ನೇರನುಡಿ

ಎಲ್ಲರ ತಿಳಿವಳಿಕೆಗೂ ಗೌರವವಿದೆ, ಆದರೆ ಇಷ್ಟೆಲ್ಲ ಏಕೆ? 650 ಜಿಬಿ ಬೇಕಾದವರು 1 ಟಿಬಿಯ ಡಿಸ್ಕ್ ಕೊಂಡರೆ ಈ ಯಾವ ಗಡಿಯೂ ಎದುರಾಗುವುದಿಲ್ಲ. ಇಲ್ಲವಾದರೆ ಎಕ್ಸ್‌ಪಿ ಯಂತ್ರದಲ್ಲಿ ಮುದ್ರಿಸಿ, ನೆಟ್‌ವರ್ಕ್ ಕೇಬಲಿನ ಮೂಲಕ ಹೊಸ ಯಂತ್ರಕ್ಕೆ ಕಳುಹಿಸಬಹುದು. 100 ಮೆಗಾಬಿಟ್‌ನ ಹಳೆಯ ನೆಟ್‌ವರ್ಕ್ ಕಾರ್ಡಿನಲ್ಲೂ ಸೆಕೆಂಡಿಗೆ ಹತ್ತು ಮೆಗಾಬೈಟಿನ ಆಸುಪಾಸು ಹೋಗುತ್ತದೆ, ಒಂದು ಕ್ಯಾಸೆಟ್ ಐದಾರು ನಿಮಿಷದಲ್ಲಿ ದಾಟುತ್ತದೆ.

ಕ್ಯಾಸೆಟ್‌ಕಾಲ

ನೇರನುಡಿ ಅವರೇ, ಕೊಳ್ಳುವ ಮೊದಲೇ ಕೇಳಿದ್ದರೆ ನಿಮ್ಮ ಮಾತಿನಂತೆಯೇ ನಡೆಯುತ್ತಿದ್ದೆ. ಡಿಸ್ಕ್ ಈಗಾಗಲೇ ಕೈಯಲ್ಲಿದೆ. ನೆಟ್‌ವರ್ಕಿನ ಸಲಹೆಯನ್ನು ಎರಡನೆಯ ಪ್ರತಿಗಾಗಿ ಖಂಡಿತ ಬಳಸಿಕೊಳ್ಳುತ್ತೇನೆ.

ಸೆಕ್ಟರ್‌ಸೊನ್ನೆ ಅವರೇ, ಎಚ್‌ಪಿಎ ನಿಗದಿ ಮಾಡಿದ ಮೇಲೆ ಎಲ್ಲವೂ ಸರಿಯಿದೆಯೆಂದು ಪರೀಕ್ಷಿಸುವುದು ಹೇಗೆ? ಹಳೇಬೋರ್ಡ್ ಅವರಿಗಾದಂತೆ ಆಗುವುದಿಲ್ಲವೆಂದು ತುಂಬುವ ಮೊದಲೇ ತಿಳಿಯಬೇಕು.

ಹಳೇಬೋರ್ಡ್

ಇದಕ್ಕೆ ನಾನೇ ಉತ್ತರಿಸುತ್ತೇನೆ, ಆ ಘಟನೆಯ ನಂತರ ಯಾವ ಡಿಸ್ಕನ್ನೂ ಈ ಪರೀಕ್ಷೆ ಇಲ್ಲದೆ ಬಳಸಿಲ್ಲ.

ಡಿಸ್ಕ್ ಖಾಲಿ ಇರುವಾಗ ನಾಲ್ಕು ಜಾಗಗಳಲ್ಲಿ ನಾಲ್ಕು ಬೇರೆ ಬೇರೆ ಗುರುತುಗಳನ್ನು ಬರೆಯಿರಿ: ಸೊನ್ನೆಯ ಸೆಕ್ಟರಿನಲ್ಲಿ ಒಂದು, ನಡುವೆ ಎಲ್ಲಾದರೂ ಒಂದು, 28 ಬಿಟ್‌ನ ಗಡಿಯಾದ 26,84,35,456ರಲ್ಲಿ ಒಂದು, ಕೊನೆಯ ಸೆಕ್ಟರಿನಲ್ಲಿ ಒಂದು. ಲಿನಕ್ಸಿನಲ್ಲಿ ಡಿಡಿ ಆಜ್ಞೆ ಸಾಕು. ಸೊನ್ನೆಯನ್ನು ಮೊದಲು ಬರೆಯಬೇಕು, ಗಡಿಯದ್ದು ಅದರ ನಂತರ. ಬರೆದ ಕೂಡಲೇ ಓದಿದರೆ ಕಂಪ್ಯೂಟರ್ ತನ್ನ ಮೆಮೊರಿಯಲ್ಲಿ ಇಟ್ಟುಕೊಂಡದ್ದನ್ನೇ ತೋರಿಸಬಹುದು, ಆದ್ದರಿಂದ ಯಂತ್ರವನ್ನು ಪೂರ್ತಿ ಆರಿಸಿ, ಮತ್ತೆ ಹಾಕಿ, ಆಮೇಲೆ ಓದಿ. ಸೊನ್ನೆಯಲ್ಲಿ ಗಡಿಯ ಗುರುತು ಕಾಣಿಸಿದರೆ ವಿಳಾಸ ಸುತ್ತಿಕೊಂಡು ಬಂದಿದೆ ಎಂದರ್ಥ. ನಾಲ್ಕೂ ತಮ್ಮ ತಮ್ಮ ಜಾಗದಲ್ಲಿದ್ದರೆ ಮೊದಲ ಹಂತ ಮುಗಿಯಿತು.

ಆದರೆ ಇದು ಲಿನಕ್ಸಿನ ಡ್ರೈವರಿನ ಪರೀಕ್ಷೆ ಮಾತ್ರ, ನೀವು ಬಳಸುವುದು ಎಕ್ಸ್‌ಪಿಯನ್ನು. ಅದೇ ಪರೀಕ್ಷೆ ಎಕ್ಸ್‌ಪಿಯಲ್ಲೂ ಆಗಬೇಕು. ಪಾರ್ಟಿಷನ್ ಮಾಡಿ, ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಆದ ಮೇಲೆ, ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶವನ್ನು ಎಕ್ಸ್‌ಪಿಯಲ್ಲಿ ಓಡಿಸಿ ಡಿಸ್ಕನ್ನು ಪೂರ್ತಿ ತುಂಬಿಸಿ, ಮತ್ತೆ ಓದಿಸಿ. 2 ಟಿಬಿಯನ್ನು ಸೆಕೆಂಡಿಗೆ 80 ಮೆಗಾಬೈಟಿನಂತೆ ಬರೆದರೂ ಏಳು ಗಂಟೆ, ಓದಲು ಇನ್ನಷ್ಟು. ಹಳೆಯ ಪೆಟ್ಟಿಗೆಯಲ್ಲಿ ಗಾಳಿಯಾಡುವುದು ಕಡಿಮೆ, ಡಿಸ್ಕಿನ ಮುಂದೆ ಫ್ಯಾನ್ ಇದೆಯೇ ನೋಡಿಕೊಳ್ಳಿ.

ಕ್ಯಾಸೆಟ್‌ಕಾಲ

ನಾಲ್ಕು ದಿನಗಳ ನಂತರ ಬರೆಯುತ್ತಿದ್ದೇನೆ.

80 ಜಿಬಿಯ ಕೇಬಲ್ ತೆಗೆದು, ಲಿನಕ್ಸಿನಲ್ಲಿ ಎಚ್‌ಪಿಎ ನಿಗದಿ ಮಾಡಿದೆ. ಅಪಾಯದ ಅರಿವಿದೆಯೆಂದು ದೃಢೀಕರಿಸುವ ಆಯ್ಕೆಯನ್ನೂ ಎಚ್‌ಡಿಪಾರ್ಮ್ ಕೇಳಿತು. ಯಂತ್ರವನ್ನು ಆರಿಸಿ ಹಾಕಿದ ಮೇಲೆ ಲಿನಕ್ಸ್ 2 ಟಿಬಿ ಎಂದಿತು. ನಾಲ್ಕು ಗುರುತುಗಳಿಗಾಗಿ ಆದಿ, ನಡು, ಗಡಿ, ತುದಿ ಎಂಬ ಪದಗಳನ್ನೇ ಬರೆದಿದ್ದೆ. ಮರಳಿ ಓದುವಾಗ ಮೊದಲು ಸೊನ್ನೆಯ ಸೆಕ್ಟರನ್ನೇ ಓದಿಸಿದೆ. ಪರದೆಯ ಮೇಲೆ ಆದಿ ಎಂಬ ಪದ ಬಂದು, ಅದರ ಹಿಂದೆ ಸೊನ್ನೆಗಳ ಸಾಲು ಕಂಡಾಗ ಬಿಗಿಹಿಡಿದಿದ್ದ ಉಸಿರನ್ನು ಬಿಟ್ಟೆ. ಉಳಿದ ಮೂರೂ ತಮ್ಮ ಜಾಗದಲ್ಲೇ ಇದ್ದವು.

ನಂತರ 2048ನೇ ಸೆಕ್ಟರಿನಿಂದ ಒಂದೇ ಪಾರ್ಟಿಷನ್ ಮಾಡಿ, 80 ಜಿಬಿಯನ್ನು ಮತ್ತೆ ಜೋಡಿಸಿ ಎಕ್ಸ್‌ಪಿಗೆ ಬಂದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಈಗ 1863 ಜಿಬಿ ಎಂದಿದೆ. ಕ್ಯಾಲ್ಕುಲೇಟರ್ ಹಿಡಿದು ನಾನೇ ಗುಣಿಸಿ ನೋಡಿದೆ, ಸರಿಯಾಗಿದೆ. ಎಚ್2ಟೆಸ್ಟ್‌ಡಬ್ಲ್ಯೂ ಬರೆಯಲು ಒಂದು ರಾತ್ರಿ, ಓದಲು ಒಂದು ಹಗಲು ಹಿಡಿಯಿತು. ದೋಷವಿಲ್ಲವೆಂದು ಮುಗಿಯಿತು.

ಒಂದು ಪ್ರಶ್ನೆ ಉಳಿದಿದೆ. ಈ ಡಿಸ್ಕನ್ನು ಮುಂದೆ ಬೇರೆ ಯಂತ್ರಕ್ಕೆ ಜೋಡಿಸಿದಾಗ ಅಲ್ಲಿನ ತಂತ್ರಾಂಶ ಎಚ್‌ಪಿಎಯನ್ನು ತಾನಾಗಿಯೇ ತೆಗೆದುಹಾಕುವ ಸಾಧ್ಯತೆ ಇದೆಯೇ?

ಸೆಕ್ಟರ್‌ಸೊನ್ನೆ

ಇದೆ. ಲಿನಕ್ಸಿನಲ್ಲಿ ಎಚ್‌ಪಿಎಯನ್ನು ಕಡೆಗಣಿಸುವ ಸೆಟ್ಟಿಂಗ್ ಉಂಟು, ಲಿನಕ್ಸಿನ ಕೆಲವು ರೂಪಗಳು (ಡಿಸ್ಟ್ರೊಗಳು) ಅದನ್ನು ಮೊದಲೇ ಆನ್ ಮಾಡಿಟ್ಟಿರುತ್ತವೆ. ಹಾಗಾದರೂ ದತ್ತಾಂಶಕ್ಕೆ ಧಕ್ಕೆಯಿಲ್ಲ, ಏಕೆಂದರೆ ನಿಮ್ಮ ಪಾರ್ಟಿಷನ್ ಪೂರ್ತಿಯಾಗಿ ಮೊದಲ 2 ಟಿಬಿಯೊಳಗೇ ಇದೆ, ಅದರಾಚೆಗಿನ ಜಾಗ ಯಾರಿಗೂ ಸೇರದ ಖಾಲಿ ಜಾಗವಾಗಿ ಕಾಣಿಸುತ್ತದೆ ಅಷ್ಟೇ. ಮರಳಿ ಎಕ್ಸ್‌ಪಿಗೆ ಜೋಡಿಸುವ ಮೊದಲು ಮಾತ್ರ ಎಚ್‌ಡಿಪಾರ್ಮ್‌ನಿಂದ ಅಳತೆಯನ್ನು ಒಮ್ಮೆ ಓದಿ ನೋಡಿ. ಡಿಸ್ಕಿನ ಮೇಲೆ ಒಂದು ಚೀಟಿ ಅಂಟಿಸಿ, 3,90,70,29,168 ಎಂಬ ಸಂಖ್ಯೆಯನ್ನೂ ನಿಗದಿ ಮಾಡಿದ ದಿನಾಂಕವನ್ನೂ ಬರೆದಿಡಿ. ಐದು ವರ್ಷದ ನಂತರ ಈ ಡಿಸ್ಕನ್ನು ಕೈಗೆತ್ತಿಕೊಳ್ಳುವವರು ನೀವೇ ಆಗಿರಬೇಕೆಂದಿಲ್ಲ.

ಕ್ಯಾಸೆಟ್‌ಕಾಲ

ಚೀಟಿ ಅಂಟಿಸಿದೆ.

80 ಜಿಬಿಯಲ್ಲಿದ್ದ ಹದಿನೇಳು ಕ್ಯಾಸೆಟ್‌ಗಳ ಫೈಲುಗಳನ್ನು ಹೊಸ ಡಿಸ್ಕಿಗೆ ನಕಲು ಮಾಡಿ, ನೇರನುಡಿ ಅವರು ಹೇಳಿದಂತೆ ನೆಟ್‌ವರ್ಕ್ ಮೂಲಕ ಇನ್ನೊಂದು ಯಂತ್ರಕ್ಕೂ ಕಳುಹಿಸಿದೆ. ಮೂರು ಕಡೆಯ ಎಂಡಿ5 ಮೊತ್ತಗಳನ್ನು (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಸಾಲು ಸಾಲಾಗಿ ಹೋಲಿಸಿ, ಎಲ್ಲವೂ ಒಂದೇ ಎಂದು ಖಚಿತವಾದ ಮೇಲೆ 80 ಜಿಬಿಯಿಂದ ಅಳಿಸಿದೆ. ಹದಿನೆಂಟನೆಯ ಕ್ಯಾಸೆಟ್‌ನ ಎರಡನೆಯ ಬದಿ ಈಗ ಓಡುತ್ತಿದೆ. ತಂದೆಯವರು ನನಗೆ ಮಗ್ಗಿ ಹೇಳಿಸುತ್ತಿದ್ದಾರೆ, ನಾನು ಹದಿಮೂರರಲ್ಲಿ ತಪ್ಪುತ್ತಿದ್ದೇನೆ.